ಬಾಲಕ ದೊರೆಗಳ ಎಂಜಿನಿಯರ್: ಮೇಜರ್ ಮ್ಯಾಂಟ್ ಮತ್ತು ನಮ್ಮದೊಂದು ತಿದ್ದುಪಡಿ

ಕಳೆದ ಮಳೆಗಾಲದಲ್ಲಿ ಖಾನಾಪುರದ ನಮ್ಮ ಕಾಕಾ ಅವರನ್ನು ಕರೆದುಕೊಂಡು ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಗೆ ಹೋಗಿದ್ದೆವು. ಬೆಳಗಾವಿಯಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಆದರೂ ಸಂಕೇಶ್ವರ, ನಿಪ್ಪಾಣಿ, ಕಾಗಲ್ ದಾಟಿ ಕೊಲ್ಹಾಪುರಕ್ಕೆ ಹೋಗುವುದು ನಮ್ಮ ಕಡೆಯವರಿಗೆ ಅಜ್ಜನ ಕಾಲದ ರೂಢಿ. ಕಾಕಾಗೆ ಅಲ್ಲಿ ಒಬ್ಬ ಸೋದರಳಿಯನೂ ಇದ್ದಾನೆ. ಚೀಟಿ ಮಾಡಿಸಿ, ಸರದಿ ಬರುವ ತನಕ ಹಳೇ ಕಟ್ಟಡದ ಕಟ್ಟೆಯ ಮೇಲೆ ಕುಳಿತೆವು. ಕಾಕಾ ಜೀವಮಾನವೆಲ್ಲ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಣ್ಣು, ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಗೋಡೆಯ ಕರಿಕಲ್ಲಿನ ಮೇಲೆ ಬೆರಳಾಡಿಸಿ, ಎರಡು ಕಲ್ಲು ಕೂಡುವಲ್ಲಿ ಉಗುರು ಹಾಕಿ ನೋಡಿದರು.

"ಸಂದಿ ನೋಡಲೇ ತಮ್ಮಾ, ನೂಲೂ ಹೋಗಂಗಿಲ್ಲ. ಕಟ್ಟಿದಾಂವ ಯಾರು?"

"ಮ್ಯಾಂಟ್ ಅಂತ ಒಬ್ಬ ಇಂಗ್ಲಿಷಿನಾಂವ, ಕಾಕಾ. ಕಡೀಕ ಹುಚ್ಚ ಹಿಡದು ಸತ್ತ ಅಂತಾರ."

"ಅಂತಾರ ಅಂದ್ರ? ನೀ ಪೇಪರಿನಾಂವ ಹೌದಲ್ಲೋ?"

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಒಪ್ಪಿಕೊಳ್ಳಬೇಕಾದ ಸಂಗತಿ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ನಾವೇ ಕೊಲ್ಹಾಪುರದ ಅರಮನೆಯ ಬಗ್ಗೆ ಮುನ್ನೂರು ಪದ ಬರೆದಿದ್ದೆವು. ತನ್ನ ಲೆಕ್ಕ ತಪ್ಪಿದೆ, ಕಟ್ಟಿದ್ದೆಲ್ಲ ಕುಸಿದು ಬೀಳುತ್ತದೆ ಎಂಬ ಭಯ ಹತ್ತಿ ಬುದ್ಧಿ ಕೆಟ್ಟು ಸತ್ತ ವಾಸ್ತುಶಿಲ್ಪಿ, ಅವನು ಹೋದ ಮೇಲೂ ಗಟ್ಟಿಯಾಗಿ ನಿಂತ ಅರಮನೆ. ಓದಿದವರು ಮೆಚ್ಚಿದರು, ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಆ ಮುನ್ನೂರು ಪದಗಳಲ್ಲಿ ಅರಮನೆ ಯಾರಿಗಾಗಿ ಕಟ್ಟಿದ್ದು, ಯಾವ ವರ್ಷ ಬುನಾದಿ ತೋಡಿದ್ದು, ದುಡ್ಡು ಎಲ್ಲಿಂದ ಬಂತು ಎಂಬ ಒಂದು ಸಾಲೂ ಇರಲಿಲ್ಲ. ಡಿಪ್ಲೊಮಾ ತರಗತಿಯಲ್ಲಿ ಮೊದಲ ವಾರ ಕಲಿಸಿದ್ದನ್ನೇ ಮರೆತು ಬರೆದಿದ್ದೆವು.

ಕತೆ ಹಾಗೆ ಬಾಯಿಗೆ ರುಚಿಸುವುದಕ್ಕೆ ಕಾರಣವೂ ಇದೆ. ಕನ್ನಡಿಗರಾದ ನಮಗೆ ಇದು ಹೊಸದಲ್ಲ. ಜಕಣಾಚಾರಿಯ ಕತೆ ಗೊತ್ತಿಲ್ಲದವರು ಯಾರು? ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ್ದು, ಹೊಕ್ಕುಳ ಬಳಿಯಿಂದ ಕಪ್ಪೆ ಹೊರಬಂದದ್ದು, ಜಕಣ ತನ್ನ ಬಲಗೈ ಕಡಿದುಕೊಂಡದ್ದು. ದೊಡ್ಡ ಕಟ್ಟಡ ಕಟ್ಟಿದವನು ಒಂದು ತಪ್ಪಿಗಾಗಿ ಬೆಲೆ ತೆರಬೇಕು ಎಂಬುದು ಜನರ ಬಾಯಲ್ಲಿ ಬೆಳೆದ ನಿಯಮ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದ ಬಗ್ಗೆಯೂ ಅಲ್ಲಿನವರು ಇಂಥದ್ದೇ ಹೇಳುತ್ತಾರೆ: ಕಟ್ಟಡ ಹಿಂದುಮುಂದಾಗಿ ಎದ್ದಿತು, ಶಿಲ್ಪಿ ಗೋಪುರದಿಂದ ಹಾರಿದ. ಅದು ಬರೀ ಕತೆ.

ಈಗ ಮ್ಯಾಂಟ್ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು. ಚಾರ್ಲ್ಸ್ ಮ್ಯಾಂಟ್ ರಾಯಲ್ ಎಂಜಿನಿಯರ್ಸ್ ಪಡೆಯ ಅಧಿಕಾರಿ. ವೃತ್ತಿ ಶುರುವಾದದ್ದು ಮುಂಬೈ ಇಲಾಖೆಯ ಲೋಕೋಪಯೋಗಿ ಕೆಲಸಗಳಲ್ಲಿ. ಸೂರತ್‌ನ ಹೈಸ್ಕೂಲು ಆತನ ಮೊದಮೊದಲ ಕಟ್ಟಡಗಳಲ್ಲಿ ಒಂದು. ಅಲ್ಲಿಂದ ಕೊಲ್ಹಾಪುರ ಸಂಸ್ಥಾನಕ್ಕೆ ಒಂದರ ಹಿಂದೊಂದು ನಕ್ಷೆ: ಟೌನ್ ಹಾಲ್, ಹೈಸ್ಕೂಲು, ಗ್ರಂಥಾಲಯ, ಆಸ್ಪತ್ರೆ, ಹೊಸ ಅರಮನೆ. ಅಜ್ಮೇರದ ಮೇಯೊ ಕಾಲೇಜಿನ ಮುಖ್ಯ ಕಟ್ಟಡ ಆತನದೇ ನಕ್ಷೆ. ಬರೋಡಾದ ಲಕ್ಷ್ಮೀವಿಲಾಸ ಅರಮನೆಯೂ ಆತನದೇ. ಸತ್ತದ್ದು 1881ರಲ್ಲಿ, ನಲವತ್ತರ ಆಸುಪಾಸಿನಲ್ಲಿ. ಆಗ ಕೊಲ್ಹಾಪುರದ ಅರಮನೆ ಅರ್ಧದಲ್ಲಿತ್ತು. ಮೇಯೊ ಕಾಲೇಜು ಮುಗಿದದ್ದು 1885ರಲ್ಲಿ. ಲಕ್ಷ್ಮೀವಿಲಾಸವನ್ನು ಮದ್ರಾಸಿನ ರಾಬರ್ಟ್ ಚಿಶೋಮ್ ಕೈಗೆತ್ತಿಕೊಂಡು 1890ರ ಹೊತ್ತಿಗೆ ಮುಗಿಸಿದ. ತನ್ನ ಮುಖ್ಯ ಕಟ್ಟಡಗಳಲ್ಲಿ ಮೂರನ್ನು ಪೂರ್ತಿಯಾಗಿ ನೋಡುವ ಯೋಗ ಆತನಿಗೆ ಇರಲಿಲ್ಲ.

ಈ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ ಆಯಾ ದೊರೆಯ ವಯಸ್ಸು ಬರೆದಾಗ ನಮಗೆ ಬೇರೊಂದು ಸುದ್ದಿ ಕಾಣಿಸಿತು.

ಕೊಲ್ಹಾಪುರದ ರಾಜಾರಾಮ ಮಹಾರಾಜರು 1870ರಲ್ಲಿ ಯುರೋಪಿನ ಪ್ರವಾಸಕ್ಕೆ ಹೋದರು. ಇಂಗ್ಲೆಂಡ್ ನೋಡಿಕೊಂಡು ಮರಳುವಾಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕಾಯಿಲೆ ಬಿದ್ದು ನವೆಂಬರ್ 30ರಂದು ತೀರಿಕೊಂಡರು. ವಯಸ್ಸು 20. ಹೆಣ ಸುಡುವ ಪದ್ಧತಿ ಇಲ್ಲದ ಆ ಊರಿನಲ್ಲಿ ವಿಶೇಷ ಅನುಮತಿ ಪಡೆದು, ಆರ್ನೊ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ ಅಂತ್ಯಸಂಸ್ಕಾರ ಮಾಡಿದರು. ನಮ್ಮ ಕಡೆಯ ಸಂಗಮದ ನಂಬಿಕೆ ಇಟಲಿಯಲ್ಲೂ ಒಂದು ಸಂಗಮ ಹುಡುಕಿಕೊಂಡಿತು ಅನ್ನಿ. ಆ ಜಾಗದಲ್ಲಿ 1874ರಲ್ಲಿ ಎದ್ದ ಛತ್ರಿಯ ನಕ್ಷೆ ಮ್ಯಾಂಟ್‌ನದು. ಒಳಗಿರುವ ಬಣ್ಣದ ಅರ್ಧಪ್ರತಿಮೆ ಮಾಡಿದವನು ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿ. ಫ್ಲಾರೆನ್ಸಿನವರು ಅದನ್ನು 'ಇಂಡಿಯಾನೊ' ಎನ್ನುತ್ತಾರೆ. ಹತ್ತಿರದ ಸೇತುವೆಗೂ ಅದೇ ಹೆಸರು. ಮಹಾರಾಜರ ಪ್ರವಾಸದ ದಿನಚರಿ 1872ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ಮಹಾರಾಜರಿಗೆ ಮಕ್ಕಳಿರಲಿಲ್ಲ. 1871ರಲ್ಲಿ ನಾರಾಯಣರಾವ್ ಎಂಬ ಎಂಟು ವರ್ಷದ ಹುಡುಗನನ್ನು ದತ್ತು ತಂದು ನಾಲ್ಕನೇ ಶಿವಾಜಿ ಎಂದು ಗಾದಿಗೆ ಕೂರಿಸಿದರು. ಹುಡುಗ ಗಾದಿಯ ಮೇಲೆ, ಆಡಳಿತ ಬ್ರಿಟಿಷ್ ಪೊಲಿಟಿಕಲ್ ಏಜೆಂಟನ ಮತ್ತು ಆತನಿಗೆ ಒಗ್ಗಿದ ಕಾರಭಾರಿಯ ಕೈಯಲ್ಲಿ. ಟೌನ್ ಹಾಲ್ ಕಟ್ಟಿದ್ದು 1872ರಿಂದ 1876. ಹೊಸ ಅರಮನೆ 1877ರಿಂದ 1884. ಅಂದರೆ ಕೊಲ್ಹಾಪುರದ ದೊಡ್ಡ ಕಟ್ಟಡಗಳಿಗೆ ಮ್ಯಾಂಟ್‌ಗೆ ಕೆಲಸ ಕೊಟ್ಟ ಧಣಿ ಹೆಸರಿಗೆ ಮಹಾರಾಜ, ನಿಜಕ್ಕೆ ಏಜೆನ್ಸಿಯ ಕಚೇರಿ.

ಬರೋಡಾದಲ್ಲಿ? ಮಲ್ಹಾರರಾವ್ ಗಾಯಕವಾಡರನ್ನು ಬ್ರಿಟಿಷರು 1875ರಲ್ಲಿ ಗಾದಿಯಿಂದ ಇಳಿಸಿ, ಹಳ್ಳಿಯಿಂದ ಹನ್ನೆರಡು ವರ್ಷದ ಹುಡುಗನನ್ನು ತಂದು ಸಯಾಜಿರಾವ್ ಎಂದು ಕೂರಿಸಿದರು. ಅವರ ಕೈಗೆ ಪೂರ್ಣ ಅಧಿಕಾರ ಬಂದದ್ದು 1881ರ ಡಿಸೆಂಬರ್ 28ಕ್ಕೆ. ಅಷ್ಟರಲ್ಲಿ ಅರಮನೆಯ ನಕ್ಷೆ ತಯಾರಾಗಿ ಕೆಲಸ ನಡೆದಿತ್ತು. ಅಜ್ಮೇರದ ಮೇಯೊ ಕಾಲೇಜಂತೂ ರಾಜಕುಮಾರರಿಗೆಂದೇ ಬ್ರಿಟಿಷರು ತೆರೆದ ಶಾಲೆ.

ಮೂರೂ ಕಡೆ ಹುಡುಗರು! ಮ್ಯಾಂಟ್ ಪುಸ್ತಕಗಳಲ್ಲಿ ಇಂಡೋ-ಸಾರಸೆನಿಕ್ ಶೈಲಿಯ ಮೊದಲಿಗರಲ್ಲಿ ಒಬ್ಬ ಎಂದು ಬರುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆತ ಬಾಲಕ ದೊರೆಗಳ ಎಂಜಿನಿಯರ್. ಹಾಗೆ ನೋಡಿದಾಗ ಆ ಶೈಲಿಯೂ ಅರ್ಥವಾಗುತ್ತದೆ.

ಕೊಲ್ಹಾಪುರದಲ್ಲಿ ಸಿಪಿಆರ್ ಎದುರಿಗೇ ಟೌನ್ ಹಾಲ್ ಇದೆ, ಈಗ ವಸ್ತುಸಂಗ್ರಹಾಲಯ. ಬ್ರಹ್ಮಪುರಿ ದಿಬ್ಬದ ಉತ್ಖನನದಲ್ಲಿ ಸಿಕ್ಕ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಪುಟ್ಟ ಮೂರ್ತಿ ಅಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ವ್ಯಾಪಾರದ ಕುರುಹು ಅದು, ಹೋದವರು ತಪ್ಪಿಸಬೇಡಿ. ಕಟ್ಟಡ ಮಾತ್ರ ಪೂರಾ ಇಂಗ್ಲೆಂಡಿನದು. ಇಳಿಜಾರು ಮಾಡು, ಮೊನಚು ಗೋಪುರ, ಮೊನಚು ಕಮಾನು. ಬೆಳಗಾವಿ ಕ್ಯಾಂಪಿನ ಸೇಂಟ್ ಮೇರಿ ಚರ್ಚ್ ನೋಡಿದವರಿಗೆ ಈ ವಂಶ ಗುರುತು ಸಿಗುತ್ತದೆ. ಅಲ್ಲಿಂದ ಹೊರಟು ಹೊಸ ಅರಮನೆಯ ಮುಂದೆ ನಿಂತರೆ ಅದೇ ಎಂಜಿನಿಯರ್ ಕಟ್ಟಿದ್ದೇ ಎಂದು ಸಂಶಯ ಬರಬೇಕು. ನಡುವೆ ಎಂಟು ಮೂಲೆಯ ಗಡಿಯಾರದ ಗೋಪುರ, ಅಕ್ಕಪಕ್ಕ ಗುಮ್ಮಟ, ಛತ್ರಿ, ಝರೋಕಾ, ಗುಜರಾತ್ ರಾಜಸ್ಥಾನದ ಜೈನ ಬಸದಿಗಳನ್ನು ನೆನಪಿಸುವ ಕಂಬ, ಜೊತೆಗೆ ಇಲ್ಲಿನ ವಾಡೆಗಳ ಛಾಯೆ. ಎಲ್ಲವೂ ನುಣುಪು ಮಾಡಿದ ಕರಿಕಲ್ಲಿನಲ್ಲಿ. ದರ್ಬಾರ್ ಹಾಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಛತ್ರಪತಿ ಶಿವಾಜಿಯ ಜೀವನದ ದೃಶ್ಯಗಳು. ಗಾಜಿನ ಮೇಲೆ ಚಿತ್ರ ಬರೆಯುವ ವಿದ್ಯೆ ಚರ್ಚಿನದು, ಚಿತ್ರ ಭೋಸಲೆ ಮನೆತನದ್ದು.

ಐದಾರು ವರ್ಷದಲ್ಲಿ ಒಬ್ಬ ಎಂಜಿನಿಯರ್ ಇಷ್ಟು ಬದಲಾಗಲು ಅವನ ಅಭಿರುಚಿ ಒಂದೇ ಕಾರಣವಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಟೌನ್ ಹಾಲ್, ಹೈಸ್ಕೂಲು ಸರ್ಕಾರದ ಮುಖ. ಅವು ಇಂಗ್ಲೆಂಡಿನಂತೆ ಕಂಡರೆ ಯಾರಿಗೂ ತೊಂದರೆಯಿಲ್ಲ. ಅರಮನೆ ಹಾಗಲ್ಲ. ದತ್ತು ಬಂದ ಹುಡುಗ ನಿಜವಾದ ಛತ್ರಪತಿ ಎಂದು ಜನ ನಂಬಬೇಕು. ಅಧಿಕಾರ ಕೈಯಲ್ಲಿ ಇಲ್ಲದಾಗ ಅದು ಗೋಡೆಯ ಮೇಲಾದರೂ ಕಾಣಬೇಕು. ಬಿಜಾಪುರದ ಗುಮ್ಮಟ, ರಾಜಸ್ಥಾನದ ಛತ್ರಿ, ಜೈನ ಕಂಬ ಎಲ್ಲವನ್ನೂ ಒಂದೇ ಕಡೆ ತಂದು ಪೇರಿಸಿದ್ದು ಅದಕ್ಕೆ. ಮೈಸೂರಿನಲ್ಲೂ ಇದರ ತಮ್ಮನಂಥ ಕತೆ ನಡೆಯಿತು. 1897ರಲ್ಲಿ ಮರದ ಅರಮನೆ ಸುಟ್ಟಾಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಹೊಸ ಅರಮನೆಯನ್ನು ಹೆನ್ರಿ ಇರ್ವಿನ್ 1912ರ ಹೊತ್ತಿಗೆ ಮುಗಿಸಿಕೊಟ್ಟ. ಖರ್ಚು 41,47,913 ರೂಪಾಯಿ. ಆದರೆ ಅಲ್ಲಿ ಕೆಲಸ ಒಪ್ಪಿಸಿದವರು ರೀಜೆಂಟ್ ಆಗಿದ್ದ ತಾಯಿ, ಕೆಂಪನಂಜಮ್ಮಣ್ಣಿಯವರು. ಕೊಲ್ಹಾಪುರದ ಹುಡುಗನಿಗೆ ಹಾಗೆ ನಿಲ್ಲುವವರು ಇರಲಿಲ್ಲ.

ಕೊಲ್ಹಾಪುರದ ಅರಮನೆಗೆ ಆದ ಖರ್ಚು ಸುಮಾರು 7 ಲಕ್ಷ ರೂಪಾಯಿ ಎನ್ನುತ್ತಾರೆ. ಮೈಸೂರಿನ ಮುಂದೆ ಸಣ್ಣದು. ಆದರೆ ವರ್ಷ ನೋಡಿ: 1877. ನಮ್ಮ ಹಿರಿಯರು ಧಾತು-ಈಶ್ವರ ಬರ ಎಂದು ಕರೆಯುತ್ತಿದ್ದ ಮಹಾಕ್ಷಾಮದ ನಡುಮಧ್ಯೆ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದು ಹೋದ ಕಾಲ. ಅದೇ ವರ್ಷದ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಬರಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಎಂದು ಕೂಲಿ ಕಡಿತ ಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ. ಆತನೇ ಮೇ ತಿಂಗಳಲ್ಲಿ ಮುಂಬೈ ಗವರ್ನರ್ ಆದ.

ಸಂಸ್ಥಾನದ ಸಂಗತಿ ಬೇರೆ, ಬ್ರಿಟಿಷ್ ಜಿಲ್ಲೆಯ ಸಂಗತಿ ಬೇರೆ ಎಂದು ಯಾರಾದರೂ ಹೇಳಬಹುದು. ಆದರೆ ಆಗಿನ ನಕಾಶೆ ಈಗಿನಂತೆ ಇರಲಿಲ್ಲ. ನಾವು ಇಂದು ಬೆಳಗಾವಿ ಜಿಲ್ಲೆಯ ತಾಲೂಕು ಎಂದು ವರದಿ ಮಾಡುವ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದು. ನಮ್ಮ ಬೆಳಗಾವಿಯ ಶಹಾಪುರವೇ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮುಧೋಳ, ಜಮಖಂಡಿ, ರಾಮದುರ್ಗದ ದೊರೆಗಳ ಮೇಲೂ ಕೊಲ್ಹಾಪುರದ ಏಜೆಂಟನದೇ ಕಣ್ಣು. ರಾಯಬಾಗದ ಕನ್ನಡ ರೈತ ಕಟ್ಟಿದ ಕಂದಾಯ ಹೋಗುತ್ತಿದ್ದದ್ದು ಅರಮನೆ ಕಟ್ಟಿದ ಖಜಾನೆಗೇ. ಆ ಕರಿಕಲ್ಲಿನಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ.

ಇನ್ನು ಆ ಹುಡುಗ ಮಹಾರಾಜ. ಇಲ್ಲಿ ಪತ್ರಕರ್ತರಾದ ನಾವು ಸ್ವಲ್ಪ ನಿಲ್ಲಬೇಕು. ನಾಲ್ಕನೇ ಶಿವಾಜಿಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ಆಡಳಿತ ಹೇಳತೊಡಗಿತು. ಮಹಾರಾಜರನ್ನು ಹಿಂಸಿಸುತ್ತಿದ್ದಾರೆ, ಇದರ ಹಿಂದೆ ಕಾರಭಾರಿ ಮಾಧವರಾವ್ ಬರ್ವೆ ಇದ್ದಾರೆ ಎಂದು ಪುಣೆಯ 'ಕೇಸರಿ', 'ಮರಾಠಾ' ಪತ್ರಿಕೆಗಳು ಬರೆದವು. ಪತ್ರಿಕೆ ಶುರುವಾಗಿ ಆಗಿನ್ನೂ ವರ್ಷವಾಗಿತ್ತು. ಬರ್ವೆ ಮಾನನಷ್ಟ ಮೊಕದ್ದಮೆ ಹೂಡಿದರು. ಸಾಕ್ಷ್ಯವೆಂದು ನಂಬಿದ್ದ ಪತ್ರಗಳು ಖೋಟಾ ಎಂದು ಹೊರಬಿತ್ತು. ಕ್ಷಮೆ ಕೇಳಿದರೂ ಬಿಡಲಿಲ್ಲ. 1882ರ ಜುಲೈನಲ್ಲಿ ತಿಲಕ್ ಮತ್ತು ಅಗರಕರ್ ಇಬ್ಬರಿಗೂ ನಾಲ್ಕು ತಿಂಗಳ ಸಜೆ. ಮುಂಬೈನ ಡೋಂಗ್ರಿ ಜೈಲಿನಿಂದ 101 ದಿನಗಳಿಗೆ ಹೊರಬಂದರು. ಮುಂದೆ 1916ರಲ್ಲಿ ನಮ್ಮ ಬೆಳಗಾವಿಯಲ್ಲೇ ಹೋಮ್ ರೂಲ್ ಲೀಗ್ ಹುಟ್ಟುಹಾಕಿದ ತಿಲಕರ ಮೊದಲ ಸೆರೆವಾಸ ಅದು. ಕಾರಣ ಕೊಲ್ಹಾಪುರದ ಅರಮನೆ.

ಪತ್ರಗಳು ಸುಳ್ಳಾಗಿದ್ದವು. ಹುಡುಗನ ಕಷ್ಟ ಸುಳ್ಳಾಗಿತ್ತೇ? 1883ರ ಡಿಸೆಂಬರ್ 25ರಂದು ಅಹಮದನಗರದಲ್ಲಿ, ಕಾವಲಿಗಿದ್ದ ಗ್ರೀನ್ ಎಂಬ ಬ್ರಿಟಿಷ್ ಸಿಪಾಯಿಯೊಂದಿಗೆ ನಡೆದ ಜಗ್ಗಾಟದ ನಂತರ ಮಹಾರಾಜರು ತೀರಿಕೊಂಡರು. ವಯಸ್ಸು 20. ರಾಜಾರಾಮರು ಫ್ಲಾರೆನ್ಸಿನಲ್ಲಿ ಸತ್ತಾಗಲೂ ಅಷ್ಟೇ ವಯಸ್ಸು. ಈ ಮಹಾರಾಜರಿಗೆಂದು ಏಳುತ್ತಿದ್ದ ಅರಮನೆ ಮರುವರ್ಷ ಮುಗಿಯಿತು.

ಒಂದೇ ಅರಮನೆ, ಹುಚ್ಚರೆನಿಸಿಕೊಂಡವರು ಇಬ್ಬರು. ದೊರೆಯ ಹುಚ್ಚಿನ ಬಗ್ಗೆ ಬರೆದವರು ಜೈಲಿಗೆ ಹೋದರು. ಎಂಜಿನಿಯರನ ಹುಚ್ಚಿನ ಬಗ್ಗೆ ಬರೆದ ನಮಗೆ ಕಾಲಮ್ಮಿಗಿಷ್ಟು ಎಂದು ದುಡ್ಡು ಬಂತು. ನಾವು ಮುನ್ನೂರು ಪದಗಳಲ್ಲಿ ಮ್ಯಾಂಟ್‌ನ ತಲೆ ಕೆಟ್ಟದ್ದನ್ನು ರಂಗಾಗಿ ಬರೆಯುತ್ತ, ಕಾವಲಿನಲ್ಲಿ ಸತ್ತ ಇಪ್ಪತ್ತರ ಹುಡುಗನನ್ನು ಪೂರ್ತಿ ಬಿಟ್ಟಿದ್ದೆವು. ಬೀಳುತ್ತದೆ ಎಂಬ ಭಯದ ಮಾತಿಗೆ ಕಟ್ಟಡಗಳೇ ಉತ್ತರ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ನಂತರವೂ ಟೌನ್ ಹಾಲ್, ಆಸ್ಪತ್ರೆ, ಅರಮನೆ ಮೂರೂ ನಿಂತಿವೆ.

ಅರಮನೆಗೆ ಮುಂದೆ ಬಂದ ದೊರೆಯೂ ದತ್ತು ಹುಡುಗನೇ. ಕಾಗಲ್ ಘಾಟಗೆ ಮನೆತನದ ಯಶವಂತರಾವ್, 1884ರಲ್ಲಿ ಇನ್ನೂ ಹತ್ತು ತುಂಬುವ ಮೊದಲೇ ಶಾಹು ಆಗಿ ಬಂದರು. ಬ್ರಿಟಿಷರು ಅವರನ್ನೂ ತಮ್ಮ ಅಚ್ಚಿನಲ್ಲಿ ತೆಗೆಯಲು ರಾಜಕೋಟೆಗೆ ಕಳಿಸಿದರು, ಆಮೇಲೆ ನಮ್ಮ ಧಾರವಾಡದಲ್ಲಿ ಸ್ಟುವರ್ಟ್ ಫ್ರೇಜರ್ ಕೈಕೆಳಗೆ ಓದಿಸಿದರು. (ಇದೇ ಫ್ರೇಜರ್ ಮುಂದೆ ನಾಲ್ವಡಿಯವರಿಗೂ ಗುರು.) ಧಾರವಾಡದಲ್ಲಿ ಓದಿದ ಹುಡುಗ 1894ರಲ್ಲಿ ಅಧಿಕಾರ ವಹಿಸಿಕೊಂಡು, 1902ರ ಜುಲೈ 26ರ ಆಜ್ಞೆಯಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲು ಎಂದದ್ದು ಏಜೆನ್ಸಿಯವರು ಹಾಕಿದ ನಕ್ಷೆಯಲ್ಲಿ ಇರಲಿಕ್ಕಿಲ್ಲ. ಆಜ್ಞೆ ಹೊರಬಿದ್ದಾಗ ಅವರು ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಆ ಎಡ್ವರ್ಡ್ ಯುವರಾಜನಾಗಿದ್ದಾಗಿನ ಹೆಸರನ್ನೇ ಮ್ಯಾಂಟ್‌ನ ಆಸ್ಪತ್ರೆಗೆ ಇಟ್ಟಿದ್ದರು: ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ. ಈಗ ಅದೇ ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆ, ಜನರ ಬಾಯಲ್ಲಿ ಸಿಪಿಆರ್.

ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತೇ ಕಾಕಾಗೆ ಹೇಳಿದ್ದಲ್ಲ. ಅಂದು ಗೊತ್ತಿದ್ದದ್ದು ಅರ್ಧ. ಊರಿಗೆ ಬಂದು ಓದಿಕೊಂಡು, ಒಂದು ಸಂಜೆ ಖಾನಾಪುರದ ಅವರ ಮನೆಯಲ್ಲಿ ಕುಳಿತು ಹೇಳಿದೆವು. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ: "ಕಾಗದದ ಮ್ಯಾಲ ಬರದಾಂವ ಮ್ಯಾಂಟ್. ಕಲ್ಲ ಕೂಡಿಸಿದಾಂವ ಯಾರು?"

ಮೇಲೆ ನೋಡಿದರು. ಅವರ ಮನೆಯ ಮಾಡಿನ ಹಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿದೆ. ಒತ್ತಿದ ಕೈ ಅವರದಿರಬಹುದು, ಹೆಸರು ಮಾಲಕರದು.

ಆಗ ನಮಗೆ ದೇಗಾಂವ ನೆನಪಾಯಿತು. ಖಾನಾಪುರ ತಾಲೂಕಿನ ಹಲಸಿ ಗೋವಾ ಕದಂಬರ ಎರಡನೇ ರಾಜಧಾನಿಯಾಗಿದ್ದ ಊರು. ಅಲ್ಲಿನ ಭೂವರಾಹ ನರಸಿಂಹ ಗುಡಿಗೆ ಎಲ್ಲರೂ ಹೋಗಿರುತ್ತಾರೆ. ಪಕ್ಕದ ಕಿತ್ತೂರು ತಾಲೂಕಿನ ದೇಗಾಂವದ ಕಮಲನಾರಾಯಣ ಗುಡಿಗೆ ಹೋಗುವವರು ಕಡಿಮೆ. ಮೂರು ಗರ್ಭಗುಡಿಯ ಆ ದೇವಾಲಯವನ್ನು 1174ರ ಹೊತ್ತಿಗೆ ಕಟ್ಟಿಸಿದವಳು ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಕಟ್ಟಿದವನ ಹೆಸರೂ ಉಳಿದಿದೆ: ತಿಪ್ಪೋಜ. ಮ್ಯಾಂಟ್ ಕೊಲ್ಹಾಪುರಕ್ಕೆ ನಕ್ಷೆ ಬರೆಯುತ್ತಿದ್ದ ಕಾಲದ ಆಸುಪಾಸಿನಲ್ಲೇ ಫ್ಲೀಟ್ ಎಂಬ ಸಿವಿಲ್ ಅಧಿಕಾರಿ ನಮ್ಮ ಕಡೆಯ ಕದಂಬರ ಶಾಸನಗಳನ್ನು ಓದಿ ಅಚ್ಚಿಗೆ ಕೊಡುತ್ತಿದ್ದ. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಗುಡಿಗಳನ್ನು ಜನವರಿಯಿಂದ ಮೇ ತನಕ ಸುತ್ತಿ ಅಳತೆ ಹಿಡಿದ. ಪಶ್ಚಿಮ ಭಾರತದಲ್ಲಿ ಸರ್ಕಾರಿ ಪುರಾತತ್ವ ಸಮೀಕ್ಷೆ ಶುರುವಾದದ್ದೇ ನಮ್ಮ ಜಿಲ್ಲೆಯಿಂದ. ಜಕಣಾಚಾರಿಯ ಹೆಸರಿರುವ ಶಾಸನ ಇಲ್ಲ, ಕತೆ ಊರೂರಲ್ಲಿದೆ. ತಿಪ್ಪೋಜನಿಗೆ ಶಾಸನವಿದೆ, ಕತೆ ಇಲ್ಲ. ಕೈ ಕಡಿದುಕೊಂಡಿದ್ದರೆ ಅವನ ಹೆಸರನ್ನೂ ಸರ್ಕಲ್ಲಿಗೆ ಇಡುತ್ತಿದ್ದೆವೇನೋ.

ಕಾಕಾ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿದರು. "ತಿಪ್ಪೋಜ. ಓಜ ಅಂದ್ರ ನಮ್ಮ ಬಡಿಗ್ಯಾರ ಮಂದಿ ಇದ್ದಂಗ ಐತಿ," ಎಂದರು. ಮುಂದಿನ ತಿಂಗಳು ಮತ್ತೆ ತಪಾಸಣೆಗೆ ಕೊಲ್ಹಾಪುರಕ್ಕೆ ಹೋಗಬೇಕು. ಅದಕ್ಕೂ ಮೊದಲು ಒಂದು ಭಾನುವಾರ ದೇಗಾಂವಕ್ಕೆ ಕರೆದುಕೊಂಡು ಹೋಗು ಎಂದಿದ್ದಾರೆ. ಅಲ್ಲಿಯ ಸಂದಿಯಲ್ಲಿ ಉಗುರು ಹೋಗುತ್ತದೋ ಇಲ್ಲವೋ ಅವರಿಗೆ ನೋಡಬೇಕಂತೆ.